ತಂಗಿಯ ವೈನಿಗೆ ನಾನು ಹಾಕಿದ ಒಂದು ಚಮಚ

ಜಾಡಿಗಳು ಎರಡಿದ್ದವೋ ಮೂರೋ, ಈಗ ಖಾತ್ರಿಯಿಲ್ಲ. ನನಗೆ ಮೂರೆಂದು ನೆನಪು, ತಂಗಿ ಎರಡೇ ಅನ್ನುತ್ತಾಳೆ. ಅವಳ ಮಾತನ್ನು ನಂಬುವುದು ವಾಸಿ. ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಶಿಗ್ಗಾವಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ತಂಗಿ ಮತ್ತು ಹಾನಗಲ್ಲಿನ ಗೆಳತಿ ಸೇರಿ ಬಿಳಿ ದ್ರಾಕ್ಷಿಯ ವೈನ್ ಮಾಡುತ್ತಿದ್ದರು. ನನ್ನ ಗೆಳತಿ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು, ನನ್ನ ಹಾಗೇ ಸೂಕ್ಷ್ಮಜೀವಿಗಳ ಬಗ್ಗೆ ಓದಿದವಳು. ಅವಳನ್ನು ಮನೆಗೆ ಕರೆತಂದವಳೂ ನಾನೇ. ಇದು ಕೈಹತ್ತಿದರೆ ಮುಂದಿನ ಹಂಗಾಮಿಗೆ ಪರವಾನಗಿ ಇರುವ ವೈನರಿಯೊಂದರಲ್ಲಿ ಜಾಗ ಹಿಡಿದು ಇಬ್ಬರೂ ದೊಡ್ಡದಾಗಿ ಮಾಡುವವರಿದ್ದರು. ಮೂರನೆಯವಳಾಗುವ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹೊರಗಿನ ಯೀಸ್ಟ್ ಹಾಕುವುದಿಲ್ಲ, ಸೋಸುವುದಿಲ್ಲ. ಹಣ್ಣಿನ ಜೊತೆ ಬಂದ ಯೀಸ್ಟೇ ರಸವನ್ನು ಹುದುಗಿಸಬೇಕು. ಅವರ ಕೆಲಸ ಹೆಚ್ಚಾಗಿ ಕಾಯುವುದು.

ನಮ್ಮಲ್ಲಿ ಉಪ್ಪಿನಕಾಯಿ ಭರಣಿಗೂ ಎಲ್ಲರೂ ಕೈ ಹಾಕುವಂತಿಲ್ಲ, ಕೈಗುಣ ಇದ್ದವರೇ ಕಲಸಬೇಕು. ಆ ಕೈ ತಂಗಿಯದೆಂದು ಅವ್ವ ಎಂದೋ ತೀರ್ಮಾನಿಸಿದ್ದಳು. ಓಣಿಯವರಿಗೆ ವೈನನ್ನು ಔಷಧಿ ಎಂದು ಹೇಳಿಟ್ಟಿದ್ದ ಅವ್ವ, ದ್ರಾಕ್ಷಿ ಹಿಂಡಿದ ದಿನ ನನ್ನನ್ನು ಬಾಗಿಲಲ್ಲೇ ತಡೆದಳು.

"ನೀ ಮುಟ್ಟಬ್ಯಾಡವಾ. ಕೆಟ್ಟಹೋಗ್ತದ."

"ನಾ ಎಂ.ಎಸ್ಸಿ. ಮಾಡೇನಿ, ಅವ್ವ."

"ಮಾಡೀದಿ ಖರೆ. ಕೈ ಅದೇ ಐತಲ್ಲ."

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಇಬ್ಬರೂ ಬಾಟಲಿ ನೋಡಲು ಸವಣೂರಿಗೆ ಹೋದರು. ಸಣ್ಣ ಜಾಡಿಯಿಂದ ಕೊಳೆತ ತತ್ತಿಯ ವಾಸನೆ ಬಂತು. ಬಂತೆಂದು ಈಗ ಅನ್ನಿಸುತ್ತದೆ. ಜಾಡಿ ತೊಳೆಯಲು ಇಟ್ಟಿದ್ದ ಸಲ್ಫೈಟ್, ಗಂಧಕದ ಲವಣದ ಪುಡಿ, ಅಲ್ಲೇ ಇತ್ತು. ಒಂದು ಚಮಚ ಹಾಕಿದೆ. ಅಷ್ಟು ಹಾಕಿದರೆ ಯೀಸ್ಟ್ ಸಾಯುತ್ತದೆಂದು ಓದಿ ಪಾಸಾದವಳು ನಾನು. ಉಳಿಸಲೆಂದು ಹಾಕಿದೆನೇ? ಬರೆದು ನಾಲ್ಕು ಸಲ ಹೊಡೆದುಹಾಕಿದೆ ಆ ವಾಕ್ಯವನ್ನು.

ಗುಳ್ಳೆ ನಿಂತದ್ದನ್ನು ತಂಗಿ ಬಂದ ಕೂಡಲೇ ಕಂಡಳು. ನಾನು ಒಪ್ಪಿಕೊಂಡೆ.

"ಲೇ ಡಾಕ್ಟ್ರ," ಎಂದಳು ಗೆಳತಿ, "ಪೇಶಂಟ್ ಚೆಂದಂಗ ಉಸರಾಡಾಕತ್ತಿತ್ತಲ್ಲ, ಇಂಜೆಕ್ಷನ್ ಯಾರು ಹೇಳಿದ್ರು?"

ತಂಗಿ ನಗಲಿಲ್ಲ. ಜಾಡಿಯನ್ನು ಹೊರಗೊಯ್ದು ಬಚ್ಚಲಿಗೆ ಸುರಿದಳು.

ಉಳಿದದ್ದು ತಿಂಗಳುಗಳ ಮೇಲೆ ಸಿದ್ಧವಾಯಿತು. ಅಕ್ಕಿ ತೊಳೆದ ನೀರಿನಷ್ಟು ಮಬ್ಬು. ಕೆಟ್ಟಿರಲಿ ಎಂದುಕೊಂಡೇ ಬಾಯಿಗಿಟ್ಟೆ. ಬಾರೆಹಣ್ಣಿನ ಹುಳಿ, ಆಮೇಲೆ ನಾಲಿಗೆಯ ಅಂಚಿನಲ್ಲಿ ಸಣ್ಣ ಉಪ್ಪು. ಅಷ್ಟು ಚೆನ್ನಾಗಿರಬಾರದಿತ್ತು.

"ಹೆಂಗೈತಿ ಅಕ್ಕ?"

"ಹುಳಿ ಜಾಸ್ತಿ ಆಗೇತಿ," ಎಂದು ಲೋಟ ಮತ್ತೆ ಮುಂದೆ ಹಿಡಿದೆ.

"ಹುಳಿ ಆದವರಿಗೆ ಇನ್ನ ಎಷ್ಟು ಬೇಕ್ರಿ?" ಎಂದು ಗೆಳತಿ ಬಹುವಚನದಲ್ಲಿ ಚುಚ್ಚಿದಳು. ಲೋಟಕ್ಕೆ ಸುರಿದಳು ಕೂಡ.

ಮರುದಿನ ತಂಗಿ ವೈನರಿಯವರಿಗೆ ತೋರಿಸಲು ಬಾಟಲಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳನ್ನು ಒಂದು ಮಾತು ಕೇಳಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿ, ಇನ್ನೊಂದು ಬಾಟಲಿ ಎತ್ತಿಕೊಂಡಳು. ಈಗ ಹೊಸ ದ್ರಾಕ್ಷಿ ಕೊಯ್ಲಿಗೆ ಬಂದಿದೆ, ಅವಳ ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ನಿಮ್ಮ ಜೋಡಿ ನಾನೂ ಬರ್ಲೇನು?"