ಹೊಂಗೆ ಎಲೆಯ ಹೊಗೆ

ನಮ್ಮವ್ವ ಇಪ್ಪತ್ತೆರಡು ವರ್ಷ ಸಿದ್ಧಾರ್ಥನಗರದ ರಸ್ತೆಗಳನ್ನು ಗುಡಿಸಿದಳು. ಶಾಲೆಗೆ ರಜೆಯಿದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಸಂಕ್ರಾಂತಿಯ ಆಸುಪಾಸಿನ ಚಳಿಯಲ್ಲಿ ಹೊಂಗೆಮರಗಳು ರಸ್ತೆ ತುಂಬ ಎಲೆ ಉದುರಿಸಿರುತ್ತಿದ್ದವು. ಅವ್ವ ಎಲ್ಲವನ್ನೂ ಗುಡ್ಡೆ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಕಿಕಡ್ಡಿ ಗೀರುತ್ತಿದ್ದಳು. ಇಬ್ಬನಿಗೆ ನೆನೆದ ಎಲೆ ಮೊದಲು ದಟ್ಟವಾಗಿ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತಿತ್ತು.

"ಬನ್ನಿ ಸಾ, ಒಸಿ ಕೈ ಕಾಯಿಸ್ಕಳಿ," ಎಂದು ವಾಕಿಂಗಿಗೆ ಹೊರಟವರನ್ನು ಮನೆಯೊಡತಿಯ ಹಾಗೆ ಕರೆಯುತ್ತಿದ್ದಳು. ಬೇರೆ ಹೊತ್ತಿನಲ್ಲಿ ನಮ್ಮಿಂದ ದೂರವೇ ನಿಲ್ಲುವವರು ಆ ಬೆಂಕಿಯ ಮುಂದೆ ನಮ್ಮ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮಫ್ಲರ್ ಸುತ್ತಿದ ನಿವೃತ್ತ ಮೇಷ್ಟ್ರಂತೂ ದಿನವೂ ಬರುತ್ತಿದ್ದರು. ಆ ವಾಸನೆ ನೆನಪಾದರೆ ಈಗಲೂ ಹಿತವೆನಿಸುತ್ತದೆ. ಹಾಗೆನಿಸಬಾರದು ಎಂದು ಗೊತ್ತಿದ್ದೂ.

ಐವತ್ತು ದಾಟುವ ಮೊದಲೇ ಅವ್ವನಿಗೆ ಕೆಮ್ಮು ಹಿಡಿಯಿತು. ಒಂದು ರಸ್ತೆ ಗುಡಿಸುವಷ್ಟರಲ್ಲಿ ಮೂರು ಸಲ ಕೂರುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ದೆ.

"ಬೀಡಿ ಸೇದ್ತೀರಾಮ್ಮ?" ಎಂದರು ಡಾಕ್ಟರು.

"ಎಲೆಅಡಿಕೆನೂ ಮುಟ್ಟಿಲ್ಲ ಸಾ ನಾನು!" ಅವ್ವನಿಗೆ ರೇಗಿತ್ತು.

ಅವರು ಅವಳ ಕೆಲಸದ ಬಗ್ಗೆ ಕೇಳಿ ತಿಳಿದು, ಮೆತ್ತಗೆ ಹೇಳಿದರು: "ಕಣ್ಣಿಗೆ ಕಾಣೋ ಧೂಳನ್ನ ಮೂಗೇ ತಡೆಯುತ್ತೆ. ಕಾಣದೇ ಇರೋದು ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಎಲೆ ಹೊಗೆ, ಗಾಡಿ ಹೊಗೆ ಎಲ್ಲದರಲ್ಲೂ ಅದಿರುತ್ತೆ."

ಆಟೋದಲ್ಲಿ ಮನೆಗೆ ಮರಳುವಾಗ ಅವ್ವ, "ಮೇಷ್ಟ್ರನ್ನ ನಾನೇ ಕರ್ದು ನಿಲ್ಲಿಸ್ಕತಿದ್ನಲ್ಲ. ನಿನ್ನೂವೆ," ಎಂದಳು.

"ನಂಗೇನೂ ಆಗಿಲ್ಲ, ಬುಡವ್ವ."

ಮರುದಿನ ಅವ್ವ ನನ್ನ ಸ್ಕೂಟರಿನ ಹಿಂದೆ ಕೂತು ಬೀದಿಗೆ ಬಂದು, ಗುಡಿಸುತ್ತಿದ್ದ ಹೆಂಗಸರನ್ನೆಲ್ಲ ಸೇರಿಸಿದಳು. "ಇನ್ಮ್ಯಾಲೆ ಯಾರೂ ಬೆಂಕಿ ಇಕ್ಬೇಡ್ರವ್ವ. ನನ್ನುಸ್ರು ಎಂಗಾಗೋಗದೆ ನೋಡಿ."

"ಮತ್ತೆ ಇಷ್ಟು ಎಲೆ ಎಲ್ಲಿಗಾಕದು?" ಎಂದಳು ಒಬ್ಬಳು.

ಅವ್ವ ಸೀದಾ ಹೋಗಿ ಮೇಷ್ಟ್ರ ಗೇಟು ತಟ್ಟಿದಳು. ಅವರು ಒಳಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಡಿಸಿದರು. ಅಷ್ಟು ವರ್ಷಗಳಲ್ಲಿ ಅವಳು ಆ ಮನೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಪಾರ್ಕಿನಲ್ಲಿ ಗೊಬ್ಬರದ ಗುಂಡಿ ಬೇಕೆಂದು ಮೇಷ್ಟ್ರು ಅರ್ಜಿ ಬರೆದರು, ಬಡಾವಣೆಯವರ ಸಹಿ ಹಾಕಿಸಿದರು. ನಾಲ್ಕು ತಿಂಗಳಿಗೆ ಗುಂಡಿ ಬಂತು.

ಮೊದಲ ಗೊಬ್ಬರ ತೆಗೆದ ದಿನ ಅವ್ವ ನನ್ನ ತೋಳು ಹಿಡಿದು ನಡೆದು ಬಂದಳು. ಒಂದು ಹಿಡಿ ಎತ್ತಿ ಬೆರಳಲ್ಲಿ ಉದುರಿಸುತ್ತಾ, "ಎಷ್ಟು ಮೆತ್ತಗದೆ ನೋಡು ಮಗ," ಎಂದಳು. ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ ತೀರಿಕೊಂಡಳು. ಅವಳನ್ನು ಹೊರುವ ಮೊದಲು ಆ ಬೀದಿ ಗುಡಿಸುವ ಹೆಂಗಸರೆಲ್ಲ ಕೆಲಸದ ಹಸಿರು ಕೋಟಿನಲ್ಲೇ ಬಂದು ಸುತ್ತ ನಿಂತಿದ್ದರು.