ಅಪ್ಪಣೆಗೆ ಕಾಯಬೇಡ ಎಂದ ಹವಾಲ್ದಾರ್

ಬೆಳಗಿನ ಐದೂಕಾಲು. ದೊಡ್ಡಮಳೂರಿನ ಪಕ್ಕ, ಕಣ್ವ ಹೊಳೆಯ ಒಣಮರಳಿನಲ್ಲಿ ಎಂಟು ಜನ ಓಡುತ್ತಿದ್ದಾರೆ. ಹೂತುಹೋಗುವ ಕಾಲನ್ನು ಕಿತ್ತು ಕಿತ್ತು ಇಡಬೇಕು. ದಡದ ಮೇಲೆ ಮಫ್ಲರ್ ಸುತ್ತಿಕೊಂಡು ನಿಂತ ಪ್ರಭುಲಿಂಗ ಬಾಯಿಂದ ವಿಷಲ್ ತೆಗೆದು ಕೂಗುತ್ತಾರೆ: “ಲೇ, ತಲೆ ಎತ್ಲಾ! ನೆಲದಾಗೆ ಏನ್ ಕಳ್ಕೊಂಡಿದ್ದೀಯ?”

ಸ್ವಲ್ಪ ದೂರದಲ್ಲಿ ಇನ್ನೂ ಆರು ಜನರಿದ್ದಾರೆ. ಅವರ ಮುಂದೆ ಒಂದು ಡ್ರಮ್ಮು, ಎರಡು ಬಿದಿರು, ಒಂದು ಹಗ್ಗ. ಡ್ರಮ್ಮು ನೆಲಕ್ಕೆ ತಾಗದಂತೆ ಹಳ್ಳ ದಾಟಬೇಕು. ಹೇಗೆ ಎಂದು ಭಾನುಪ್ರಿಯ ಎಂಬ ಹುಡುಗಿ ಎರಡು ಸಲ ಕೇಳುತ್ತಾಳೆ. ಪ್ರಭುಲಿಂಗ ಆಕಾಶ ನೋಡುತ್ತಾರೆ.

“ಕೂಗೋದು ನಂಗೆ ಸುಲಭ ಸಾರ್. ಸುಮ್ನಿರೋದೇ ಕಷ್ಟ. ಅದನ್ನ ಕಲಿಯೋಕೆ ಐವತ್ತು ವರ್ಷ ಬೇಕಾಯ್ತು” ಎಂದು ನನ್ನತ್ತ ತಿರುಗಿ ನಗುತ್ತಾರೆ.

ಪ್ರಭುಲಿಂಗ ಅವರಿಗೆ ಈಗ ಐವತ್ತೆರಡು. ಸೈನ್ಯದಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದು ಹವಾಲ್ದಾರ್ ಆಗಿ ನಿವೃತ್ತರಾದವರು. ಹಗಲು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಗೇಟಿನಲ್ಲಿ ಕಾವಲು ಕೆಲಸ. ಅದಕ್ಕೂ ಮುಂಚೆ, ವಾರಕ್ಕೆ ಆರು ದಿನ, ಎರಡು ಗಂಟೆ ಈ ಮರಳಿನ ಶಾಲೆ. ಶುಲ್ಕವಿಲ್ಲ. ಏಳು ವರ್ಷಗಳಲ್ಲಿ ಇಲ್ಲಿಂದ ನಲವತ್ತೊಂದು ಮಂದಿ ಸೈನ್ಯ ಸೇರಿದ್ದಾರೆ. ಅವರಲ್ಲಿ ನಲವತ್ತು ಜನ ಜವಾನರು, ಒಬ್ಬಳು ಮಾತ್ರ ಅಧಿಕಾರಿ. ಆ ಒಬ್ಬಳ ದೆಸೆಯಿಂದಲೇ ಹಳ್ಳದ ಪಕ್ಕ ಡ್ರಮ್ಮು ಬಂದು ಕೂತಿದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ರೆಜಿಮೆಂಟಿನ ತರಬೇತಿ ಕೇಂದ್ರಕ್ಕೆ ಹೋದಾಗ ಅವರು ಕಲಿತ ಮೊದಲ ಪಾಠ ಬಾಯಿ ಮುಚ್ಚಿಕೊಳ್ಳುವುದು. “ಉಸ್ತಾದ್ ಬಲಕ್ಕೆ ತಿರುಗು ಅಂದ್ರೆ ಬಲಕ್ಕೆ. ಯಾಕೆ ಅಂತ ಕೇಳಂಗಿಲ್ಲ. ಅದು ದಬ್ಬಾಳಿಕೆ ಅಲ್ಲ ಸಾರ್. ಗುಂಡು ಬರೋ ಹೊತ್ನಾಗೆ ಯಾಕೆ ಅಂತ ನಿಂತ್ರೆ ಹೆಣ ಬೀಳ್ತದೆ.”

ಮುಂದೆ ಮೂರು ವರ್ಷ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಅವರೇ ಕವಾಯತಿನ ಉಸ್ತಾದ್ ಆದರು. ಅಲ್ಲೂ ಅದೇ ಓಟ, ಅದೇ ತೆವಳಾಟ, ಅದೇ ಬೈಗುಳ. ಆದರೆ ಅವರ ಕವಾಯತು ಮುಗಿದ ಮೇಲೆ ಕೆಡೆಟ್‌ಗಳು ತರಗತಿಗೆ ಹೋಗುತ್ತಿದ್ದರು, ನಕ್ಷೆ ಹಿಡಿದು ಕಾಡಿಗೆ ಹೋಗುತ್ತಿದ್ದರು. ಸರದಿಯ ಮೇಲೆ ಒಬ್ಬೊಬ್ಬರು ನಾಯಕರಾಗಿ, ದಣಿದ ಹತ್ತು ಜನರನ್ನು ಗುಡ್ಡ ದಾಟಿಸಬೇಕಿತ್ತು.

“ಜವಾನನ್ನ ಕೇಳ್ತಾರೆ, ಹೇಳಿದ್ದು ಮಾಡ್ದಾ ಅಂತ. ಕೆಡೆಟ್‌ನ ಕೇಳ್ತಾರೆ, ಯಾಕೆ ಹಂಗ್ ಮಾಡ್ದೆ ಅಂತ. ಮೂರು ವರ್ಷ ಕಣ್ಮುಂದೆ ಇದ್ರೂವೆ ನನ್ ತಲೆಗೆ ಹೋಗ್ಲಿಲ್ಲ” ಎನ್ನುತ್ತಾರೆ ಪ್ರಭುಲಿಂಗ.

ತಲೆಗೆ ಹೋಗಿದ್ದು ಚೈತ್ರಾಳಿಂದ. ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ ತಟ್ಟೆ ಇಡ್ಲಿ ಹೋಟೆಲು ನಡೆಸುವ ಉಮಾಮಹೇಶ್ವರಿಯವರ ಮಗಳು. ಎರಡು ವರ್ಷ ಈ ಮರಳಿನಲ್ಲಿ ಓಡಿದಳು. ಡಿಗ್ರಿ ಮುಗಿಸಿ, ಲಿಖಿತ ಪರೀಕ್ಷೆ ಗೆದ್ದು, ಎರಡನೇ ಪ್ರಯತ್ನದಲ್ಲಿ ಸಂದರ್ಶನವನ್ನೂ ದಾಟಿ ಚೆನ್ನೈಗೆ ಹೋದಳು. ಅಲ್ಲಿ ಹನ್ನೊಂದು ತಿಂಗಳ ತರಬೇತಿ.

ನಾಲ್ಕನೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಗೂಡಿನ ಮಾರುಕಟ್ಟೆಯ ಗೇಟಿನಲ್ಲಿ ಪ್ರಭುಲಿಂಗ ಊಟದ ಡಬ್ಬಿ ಬಿಚ್ಚುವಾಗ ಫೋನ್ ಬಂತು.

“ಮಾಸ್ಟ್ರೇ, ನನ್ನನ್ನ ಒಂದು ಟರ್ಮ್ ಹಿಂದಕ್ಕೆ ಹಾಕ್ತಾರಂತೆ. ನಾನು ವಾಪಸ್ ಬಂದ್ಬುಡ್ತೀನಿ.”

ಓಟದಲ್ಲಿ ಅವಳೇ ಮೊದಲು. ಗುರಿ ಹೊಡೆಯುವುದರಲ್ಲಿ ಮೂರನೆಯವಳು. ಆದರೆ ಅವಳು ನಾಯಕಿಯಾಗಿದ್ದ ದಿನ ದಾರಿಯ ತೊರೆ ತುಂಬಿ ಹರಿಯುತ್ತಿತ್ತು. ಬೇರೆ ದಾರಿ ಹುಡುಕುವುದನ್ನು ಬಿಟ್ಟು ಯಾರಾದರೂ ಏನಾದರೂ ಹೇಳಲಿ ಎಂದು ಇಪ್ಪತ್ತೆರಡು ನಿಮಿಷ ನಿಂತುಬಿಟ್ಟಳು. ಒಳ್ಳೆಯ ಸಿಪಾಯಿ, ನಾಯಕತ್ವ ಸಾಲದು ಎಂದು ತರಬೇತುದಾರರು ಬರೆದರು. ತಿದ್ದಿಕೊಳ್ಳಲು ಆರು ವಾರದ ಗಡುವು ಕೊಟ್ಟರು; ಇಲ್ಲವಾದರೆ ಕಿರಿಯ ತಂಡದ ಜೊತೆ ಮತ್ತೆ ಅದೇ ಪಾಠ.

ಪ್ರಭುಲಿಂಗ ಡಬ್ಬಿ ಮುಚ್ಚಿದರು. “ನೋಡಿ ಸಾರ್, ಆ ಮಗಾನ ಜವಾನ್ ಮಾಡಿ ಆಫೀಸರ್ ಶಾಲೆಗೆ ಕಳಿಸ್ಬುಟ್ಟಿದ್ದೆ. ಬಾಯಿಗೆ ಬೀಗ ಹಾಕಿದ್ದೋನು ನಾನೇ. ಫೋನ್ನಾಗೇ ಹೇಳ್ದೆ, ತಪ್ಪು ನಂದು ಕಣಮ್ಮ, ನಿಂದಲ್ಲ. ಇನ್ಮೇಲೆ ಅಪ್ಪಣೆಗೆ ಕಾಯಬ್ಯಾಡ. ತಪ್ಪಾದ್ರೂ ಸೈ, ಐದು ನಿಮಿಷದಾಗೆ ಒಂದು ತೀರ್ಮಾನ ಮಾಡು ಅಂತ.”

ಅಂದಿನಿಂದ ಪ್ರತಿ ಭಾನುವಾರ ಫೋನಿನಲ್ಲೇ ಪಾಠ. ನಕ್ಷೆ, ಪುಸ್ತಕ ಯಾವುದೂ ಅವರ ಹತ್ತಿರ ಇರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೇ ಪ್ರಶ್ನೆ ಮಾಡಿದರು. ಗೂಡು ತುಂಬಿದ ಟೆಂಪೋ ಗೇಟಿಗೆ ಅಡ್ಡ ನಿಂತು ಕೆಟ್ಟಿದೆ, ಹಿಂದೆ ಇಪ್ಪತ್ತು ಗಾಡಿ, ಮಳೆ ಬೇರೆ ಬರುತ್ತಿದೆ. ಏನು ಮಾಡ್ತೀಯ? ಹತ್ತು ಎಣಿಸುವುದರೊಳಗೆ ಉತ್ತರ ಬರಬೇಕು. ಬಂದ ಮೇಲೆ ಎರಡನೇ ಪ್ರಶ್ನೆ: ಯಾಕೆ?

“ಮೊದಲನೇ ವಾರ ಎಂಟರ ತನಕ ಎಣಿಸ್ತಿದ್ದೆ. ಕೊನೆಕೊನೆಗೆ ಎರಡು ಅನ್ನೋದ್ರೊಳಗೆ ಹೇಳ್ಬುಡೋಳು. ಒಂದ್ಸಲ, ಮಾಸ್ಟ್ರೇ ನಿಮ್ ಪ್ರಶ್ನೆನೇ ಸರಿಯಿಲ್ಲ ಅಂದ್ಲು. ಆವತ್ತು ನಂಗೆ ಒಸಿ ಧೈರ್ಯ ಬಂತು.”

ಇತ್ತ ಉಮಾಮಹೇಶ್ವರಿಯವರು ಕೆಲಸಕ್ಕೆ ಹೊರಟ ಪ್ರಭುಲಿಂಗ ಅವರನ್ನು ದಿನಾ ಹೋಟೆಲಿನ ಮುಂದೆ ತಡೆದು ಕೇಳುತ್ತಿದ್ದರು: “ಅಣ್ಣಾ, ಮಗು ಉಳ್ಕೊಂತದಾ?” ಆ ಪ್ರಶ್ನೆ ತಪ್ಪಿಸಲು ಪ್ರಭುಲಿಂಗ ಕೆಲವು ದಿನ ಬೇರೆ ರಸ್ತೆ ಹಿಡಿದು ರೈಲ್ವೆ ಸ್ಟೇಷನ್ನಿಗೆ ಹೋದದ್ದೂ ಉಂಟು.

ಆರನೇ ವಾರ ಮತ್ತೆ ಪರೀಕ್ಷೆ. ಈ ಸಲ ತಂಡದ ಒಬ್ಬಳಿಗೆ ಕಾಲು ಉಳುಕಿತು. ಚೈತ್ರಾ ಎರಡೇ ನಿಮಿಷದಲ್ಲಿ ದಾರಿ ಬದಲಿಸಿ, ಹೊರೆ ಹಂಚಿ, ಎಲ್ಲರನ್ನೂ ಗುರಿ ಮುಟ್ಟಿಸಿದಳು. ಹದಿನೈದು ನಿಮಿಷ ತಡವಾಯಿತು. ಯಾಕೆ ಈ ದಾರಿ ಎಂದು ಕೇಳಿದಾಗ, “ಗಡಿಯಾರಕ್ಕಿಂತ ಹತ್ತೂ ಜನ ಮುಖ್ಯ ಅನ್ನಿಸಿತು” ಎಂದಳಂತೆ.

ಸುದ್ದಿ ಹೇಳಿದ್ದು ಉಮಾಮಹೇಶ್ವರಿ. “ಉಳ್ಕೊಂಡ್ಲು ಕಣಣ್ಣಾ!” ಎಂದವರೇ ಫೋನ್ ಹಿಡಿದುಕೊಂಡೇ ಅತ್ತರು. ಪ್ರಭುಲಿಂಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು. ಜೊತೆಗೆ ಕಾವಲಿದ್ದ ಮುನಾವರ್ ಗಾಬರಿಯಿಂದ ನೀರು ತಂದುಕೊಟ್ಟರು. “ಏನಾಯ್ತಣ್ಣ, ಮನೇಲಿ ಏನಾದ್ರೂ?” “ಏನೂ ಇಲ್ಲಪ್ಪ. ಎಲ್ಲಾ ಸರಿಹೋಯ್ತು” ಎಂದು ಇಡೀ ಬಾಟಲಿ ಖಾಲಿ ಮಾಡಿದರು. ಆರು ವಾರದಲ್ಲಿ ಮೊದಲ ಬಾರಿಗೆ ಅಂದು ಸಂಜೆ ರೈಲಿನಲ್ಲಿ ನಿದ್ದೆ ಹತ್ತಿ, ಇಳಿಯಬೇಕಿದ್ದ ಚನ್ನಪಟ್ಟಣ ದಾಟಿ ಮದ್ದೂರಿನಲ್ಲಿ ಇಳಿದರು.

ಕಳೆದ ವರ್ಷ ತರಬೇತಿ ಮುಗಿದ ದಿನ ಚೈತ್ರಾಳ ಅಮ್ಮನ ಜೊತೆ ಪ್ರಭುಲಿಂಗ ಅವರೂ ಚೆನ್ನೈಗೆ ಹೋಗಿದ್ದರು. ಹೆಗಲಿಗೆ ನಕ್ಷತ್ರ ತೊಡಿಸಿಕೊಂಡ ಚೈತ್ರಾ ನೇರ ಬಂದು ಕಾಲು ಮುಟ್ಟಲು ಬಗ್ಗಿದಳು. ಪ್ರಭುಲಿಂಗ ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ನಿಂತು, “ಯೂನಿಫಾರ್ಮ್ನಾಗೆ ಬಗ್ಗಂಗಿಲ್ಲ ಮೇಡಂ” ಎಂದರು. ಅವರ ಬಾಯಿಂದ ಮೇಡಂ ಎನ್ನಿಸಿಕೊಂಡು ಅವಳು ಅತ್ತುಬಿಟ್ಟಳು.

ಈಗ ಹಳ್ಳದ ಬಳಿ ಗದ್ದಲ. ಭಾನುಪ್ರಿಯಳ ತಂಡ ಹಗ್ಗಕ್ಕೆ ಡ್ರಮ್ಮು ಬಿಗಿದು ಬಿದಿರಿನ ಮೇಲೆ ದಾಟಿಸಿದೆ. ಇಬ್ಬರ ಪ್ಯಾಂಟು ಕೆಸರಾಗಿದೆ. ಈ ಆರು ಜನರಲ್ಲಿ ಮೂವರು ಜವಾನ್ ಭರ್ತಿಗೆ ಸಿದ್ಧರಾಗುತ್ತಿರುವವರು. ಅವರಿಗೇಕೆ ಈ ಪಾಠ ಎಂದು ಕೇಳಿದೆ.

“ಅಪ್ಪಣೆ ಕೊಡೋರ ಕಷ್ಟ ಅವ್ರಿಗೂ ಗೊತ್ತಿರ್ಲಿ ಅಂತ” ಎಂದ ಪ್ರಭುಲಿಂಗ ಹಗ್ಗ ಸುತ್ತತೊಡಗಿದರು. “ಇಲ್ಲಿಂದ ಹೋಗಿರೋ ನನ್ ಜವಾನ್ ಹುಡುಗ್ರು ಎಲ್ಲೆಲ್ಲೋ ಅವ್ರೆ ಸಾರ್, ಯಾರ್ಯಾರ್ದೋ ಮಾತ್ ನಂಬ್ಕೊಂಡು ನಡೀತಾ ಅವ್ರೆ. ಅವ್ರ ಮುಂದೆ ನಡೆಯೋರು ಚೈತ್ರಾ ಮೇಡಂ ಥರದೋರು ಆಗಿದ್ರೆ ಸಾಕು. ಹುಡುಗ್ರು ರಜಕ್ಕೆ ಸರಿಯಾಗಿ ಮನೆಗೆ ಬತ್ತಾರೆ.”