ಅಕ್ಕನ ಕ್ಯಾಸೆಟ್ಟು, ನನ್ನ ಡಬ್ಬಿಗಳು

ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಾಲಕ್ಕೆ ನೆಂಟರು ಕೂಡಲು ಜಾಗವಿರಲಿಲ್ಲ. ಎರಡು ದೊಡ್ಡ ಸ್ಪೀಕರು, ಆಂಪ್ಲಿಫೈಯರು, ಕ್ಯಾಸೆಟ್ ಡೆಕ್ಕು, ಅದರ ಮೇಲೊಂದು ಸಿಡಿ ಪ್ಲೇಯರು. ಹೈಸ್ಕೂಲ್ ಮಾಸ್ತರನಾದ ನನಗೆ ಇದಕ್ಕಿಂತ ದೊಡ್ಡ ಹುಚ್ಚು ಬೇರೆ ಇರಲಿಲ್ಲ. ಹೆಂಡತಿ ಆ ಮೂಲೆಗೆ, ಪೂಜೆಯ ಕೋಣೆಯೆಂಬಂತೆ, ‘ದೇವರ ಕೋಲಿ’ ಎಂದು ಹೆಸರಿಟ್ಟಿದ್ದಳು. ಚುಚ್ಚುಮಾತು ತಿಳಿಯುತ್ತಿತ್ತು, ತಿಳಿಯದವನಂತೆ ಇರುತ್ತಿದ್ದೆ.

ಹುಚ್ಚಿಗೊಂದು ನೆಪವಿತ್ತು. ಹಲಸಂಗಿಗೆ ಕೊಟ್ಟಿದ್ದ ನಮ್ಮ ಅಕ್ಕ ತೀರಿಕೊಂಡ ಮೇಲೆ ಅವಳದೆಂದು ಉಳಿದದ್ದು ಒಂದು ಕ್ಯಾಸೆಟ್ಟು. ಹಿಂದೊಮ್ಮೆ ಅವಳು ದೇವಣಗಾಂವದ ತವರಿಗೆ ಬಂದು ಬೀಸುಕಲ್ಲಿನ ಮುಂದೆ ಕೂತು ಹಾಡುವಾಗ ನಾನೇ ತುಂಬಿಕೊಂಡದ್ದು. ಬೀಸುವಾಗ ತಮ್ಮಂದಿರ ಹೆಸರು ಸೇರಿಸಿ ಹರಸುವುದು ನಮ್ಮ ಕಡೆಯ ರೂಢಿ. ಮೊದಲ ಹಾಡಿನಲ್ಲೇ ನನ್ನ ಹೆಸರು ಬಂತು. ಕಡೆಯದು ಊರಲ್ಲೇ ಒಕ್ಕಲುತನ ಮಾಡಿಕೊಂಡಿದ್ದ ಅಣ್ಣನದು. ಅದಕ್ಕೆ ಮೊದಲು ಕೈ ನಿಲ್ಲಿಸಿ, ನೀರು ಕುಡಿದು, ಕಲ್ಲಿಗೆ ಜೋಳ ಹಾಕಿ, “ಇನ್ನ ಹೊಲದ ದೊರೀದು” ಎಂದು ನಕ್ಕಿದ್ದಳು. ದೊರೆ ಆಗ ಹೊಲದಲ್ಲಿದ್ದ. ನಿನ್ನ ಮೇಲೂ ಹಾಡಿದ್ದಾಳೆ ಎಂದರೆ ನಾಚಿಕೊಂಡು, ಆಮೇಲೆ ಕೇಳಿದರಾಯಿತು ಎಂದ. ಅವಳು ಹೋದ ಮೇಲಂತೂ ಎದೆ ತಡೆಯುವುದಿಲ್ಲ ಎಂದು ಕೇಳಲೇ ಇಲ್ಲ.

ಕ್ಯಾಸೆಟ್ಟು ಸವೆಯತೊಡಗಿತು. ಬಿಜಾಪುರದ ಅಂಗಡಿಯವನೊಬ್ಬ ಅದನ್ನು ಕಂಪ್ಯೂಟರಿನಲ್ಲಿ ಸಿಡಿಗೆ ಹಾಕಿಕೊಟ್ಟ. “ಗರಗರ ಅನ್ನೂದೆಲ್ಲಾ ತಗದೇನ್ರಿ ಸರ್. ಇನ್ನ ಕ್ಯಾಸೆಟ್ ಒಗದ್ರೂ ನಡೀತೈತಿ” ಎಂದ. ಸಿಡಿಗೆ ಸಾವಿಲ್ಲವೆಂದು ನಾನೂ ನಂಬಿದೆ.

ಆ ವರ್ಷ ಅಣ್ಣ ಹಕ್ಕಿ ಬೆದರಿಸಲು ಹಳೆಯ ರೀಲು ಕೇಳಿದ. ತೆನೆ ಹಾಲುಗಟ್ಟುವ ಹೊತ್ತಿಗೆ ಜೋಳದ ಹೊಲದಲ್ಲಿ ಕ್ಯಾಸೆಟ್ಟಿನ ರೀಲು ಎಳೆದು ಕಟ್ಟಿದರೆ ಗಾಳಿಗೆ ಗುಂಯ್‌ಗುಟ್ಟುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಹಕ್ಕಿ ಇಳಿಯುವುದಿಲ್ಲ. ಚೀಲ ತುಂಬ ಕ್ಯಾಸೆಟ್ಟು ಕೊಟ್ಟೆ. ಹೆಸರು ಬರೆಯದ ಅಕ್ಕನ ಕ್ಯಾಸೆಟ್ಟನ್ನೂ ಅದರಲ್ಲೇ ಹಾಕಿದೆ. ಸಿಡಿ ಇತ್ತಲ್ಲ.

ಸಿಡಿಯಲ್ಲಿ ಅವಳ ದನಿ ಮಬ್ಬಾಗಿತ್ತು. ತಪ್ಪು ಪ್ಲೇಯರಿನದೆಂದು ತೀರ್ಮಾನಿಸಿದೆ. ಪ್ಲೇಯರು ಬದಲಿಸಿದೆ, ವಯರು ಬದಲಿಸಿದೆ, ಕಡೆಗೆ ಸಿಡಿಯ ಅಂಕಿಗಳನ್ನು ದನಿಯಾಗಿಸುವ ಬೇರೆಯದೇ ಒಂದು ಡಬ್ಬಿಯನ್ನು ಸೊಲ್ಲಾಪುರದಿಂದ ತಂದೆ. ಪ್ರತಿ ಸಲ ಹಚ್ಚಿದ್ದು ಮೊದಲ ಹಾಡು ಮಾತ್ರ. ಅರ್ಧ ಕೇಳುವುದು, ನಿಲ್ಲಿಸುವುದು, ವಯರು ತಿರುವುವುದು, ಮತ್ತೆ ಅದೇ ಹಾಡು. ಅದರಲ್ಲಿ ನನ್ನ ಹೆಸರಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಜೋಳ ಕೊಯ್ದು ರಾಶಿ ಮುಗಿದ ಮೇಲೆ ಒಂದು ರವಿವಾರ ಬೆಳಿಗ್ಗೆ ಅಣ್ಣ ತಾನಾಗಿ ಬಂದ. “ಅಕ್ಕಂದು ಹಚ್ಚು ತಮ್ಮಾ. ಇವತ್ತ ಕೇಳ್ತೇನಿ” ಎಂದು ರುಮಾಲು ತೊಡೆಯ ಮೇಲಿಟ್ಟುಕೊಂಡು ಸ್ಪೀಕರಿನ ಎದುರಿಗೇ ಕೂತ.

ಹೊಸ ಡಬ್ಬಿ ಸುಳ್ಳು ಹೇಳುವ ಪೈಕಿ ಅಲ್ಲ. ಅಂಗಡಿಯವನು ಏನೇನು ತೆಗೆದಿದ್ದನೋ ಎಲ್ಲ ಆವತ್ತು ಸ್ಪಷ್ಟವಾಯಿತು. ಬೀಸುಕಲ್ಲಿನ ಸಪ್ಪಳವಿಲ್ಲ, ಬಳೆಯಿಲ್ಲ, ಸಾಲಿನ ನಡುವೆ ಅವಳು ಎಳೆದುಕೊಳ್ಳುತ್ತಿದ್ದ ಉಸಿರಿಲ್ಲ. ಅಣ್ಣ ಅದನ್ನೆಲ್ಲ ಎಣಿಸಲಿಲ್ಲ. ಒಂದೊಂದು ಹಾಡು ಮುಗಿದಾಗಲೂ ಇನ್ನಷ್ಟು ಮುಂದಕ್ಕೆ ಬಾಗಿದ. ಆಮೇಲೆ ಸಿಡಿ ನಿಂತಿತು.

“ನಂದು?” ಎಂದ.

ಹಿಂದೆ ಮುಂದೆ ಓಡಿಸಿ ನೋಡಿದೆ. ಇರಲಿಲ್ಲ. ಅವಳು ನೀರು ಕುಡಿಯಲು ಕೈ ನಿಲ್ಲಿಸಿದ್ದೇ ಅಂಗಡಿಯವನು ಹಾಡು ಮುಗಿಯಿತೆಂದು ಕತ್ತರಿಸಿದ್ದ.

“ಹೋಗ್ಲಿ, ಕ್ಯಾಸೆಟ್ ಹಚ್ಚು ಹಂಗಾರ.”

ಅವನು ಕ್ಯಾಸೆಟ್ಟಿನ ಖಾಲಿ ಕಪಾಟು ನೋಡಿದ, ನನ್ನ ಮುಖ ನೋಡಿದ.

“ಆ ಚೀಲದಾಗಿತ್ತೇನು?”

“ಹೂಂ.”

“ನನ್ನ ಕೈಯಾರೆ ಕಟ್ಟೇನಲ್ಲೋ” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆವತ್ತೇ ದೇವಣಗಾಂವದ ಹೊಲಕ್ಕೆ ಹೋದೆವು. ಗೂಟಗಳಿಗೆ ರೀಲು ಇನ್ನೂ ಜೋತುಬಿದ್ದಿತ್ತು, ತುಂಡುತುಂಡಾಗಿ, ಬಿಸಿಲಿಗೆ ಬಣ್ಣ ಬಿಟ್ಟು. ಯಾವುದು ಸಿನಿಮಾದ್ದು, ಯಾವುದು ಅಕ್ಕನದು ಎಂದು ಹೇಳುವ ಹಾಗಿರಲಿಲ್ಲ. ಇದರಿಂದ ಏನೂ ಆಗುವುದಿಲ್ಲ ಎಂದೆ. ಅಣ್ಣ ಕೇಳಲಿಲ್ಲ. ಒಂದೊಂದೇ ಗಂಟು ಬಿಚ್ಚಿ ಮುಂಗೈಗೆ ಸುತ್ತಿಕೊಳ್ಳುತ್ತ ಸಾಲು ಹಿಡಿದು ನಡೆದ. ಅವನು ಸುತ್ತಿಕೊಟ್ಟ ತುಂಡುಗಳನ್ನು ತಿಂಗಳುಗಟ್ಟಲೆ ಅಂಟಿಸಿ ಡೆಕ್ಕಿಗೆ ಹಾಕಿ ನೋಡಿದೆ. ಬರೀ ಭುಸ್ ಎನ್ನುತ್ತಿತ್ತು.

ಆವತ್ತು ಬದುವಿನ ಮೇಲೆ ಕೂತಾಗ ಅಣ್ಣ ಒಂದೇ ಮಾತು ಕೇಳಿದ್ದ: “ನೀ ಮುಂದ ಕುಂತಿದ್ದ್ಯಲ್ಲ, ನನ್ನ ಮ್ಯಾಲೆ ಏನಂತ ಹಾಡಿದ್ಳು ಅಕ್ಕ?”

ನನ್ನ ಹಾಡು ನನಗೆ ಅಕ್ಷರ ಬಿಡದಂತೆ ಬಾಯಿಪಾಠವಿತ್ತು. ಅವನದರಲ್ಲಿ ಒಂದು ಸೊಲ್ಲೂ ನೆನಪಿರಲಿಲ್ಲ.